ಬ್ಲಾಟೆನ್: ಆಲ್ಪ್ಸ್ ಪರ್ವತದ ಮಡಿಲಲ್ಲಿದ್ದ ಒಂದು ಗ್ರಾಮದ ಚರಿತ್ರೆ

ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ದೂರ ದೇಶದ ಒಂದು ಪುಟ್ಟ ಗ್ರಾಮದ ಚರಿತ್ರೆಗೆ ಏನು ಕೆಲಸ ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ದೇವಾಲಯ ಕಟ್ಟಿ ನೂರು ವರ್ಷ ತುಂಬಿದಾಗ ನಾವು ಸಹಜವಾಗಿ ಅಡಿಗಲ್ಲು, ಗೋಪುರ, ಗಂಟೆ, ಪೀಠ ಇವುಗಳ ಕಥೆ ಹೇಳುತ್ತೇವೆ. ಅವುಗಳನ್ನು ನಿಲ್ಲಿಸಿದ ಪೂರ್ವಿಕರನ್ನು ನೆನೆಯುತ್ತೇವೆ. ಇದು ನಮ್ಮ ಕರ್ತವ್ಯ. ಆದರೆ ಒಂದು ಮಧ್ಯಾಹ್ನ ಕೆಲವೇ ನಿಮಿಷಗಳಲ್ಲಿ ದೇವಾಲಯ, ಮನೆಗಳು, ಹೊಲಗದ್ದೆಗಳು ಎಲ್ಲವೂ ಕಣ್ಣೆದುರಿಗೇ ಮಣ್ಣುಪಾಲಾದರೆ ಆ ಧರ್ಮಕೇಂದ್ರದಲ್ಲಿ ಉಳಿಯುವುದೇನು? ನಮ್ಮ ಕಾಲದಲ್ಲಿಯೇ, 2025ನೆಯ ಇಸವಿಯ ಮೇ ತಿಂಗಳಲ್ಲಿ, ಸ್ವಿಟ್ಜರ್ಲೆಂಡಿನ ಒಂದು ಕಥೋಲಿಕ ಗ್ರಾಮಕ್ಕೆ ಈ ಪ್ರಶ್ನೆ ಎದುರಾಯಿತು. ಆ ಗ್ರಾಮದ ಹೆಸರು ಬ್ಲಾಟೆನ್. ನಾವು ಆ ಕಣಿವೆಯನ್ನು ಕಣ್ಣಾರೆ ಕಂಡವರಲ್ಲ. ಆದರೂ ಗುರುಮಠದ ದಿನಗಳಿಂದ ಧರ್ಮಸಭೆಯ ಚರಿತ್ರೆಯನ್ನು ಆಸಕ್ತಿಯಿಂದ ಓದುತ್ತ ಬಂದ ನಮಗೆ, ಈ ಗ್ರಾಮದ ಕಥೆಯಲ್ಲಿ ಪ್ರತಿಯೊಂದು ಧರ್ಮಕೇಂದ್ರವೂ ಮನನ ಮಾಡಬೇಕಾದ ವಿಷಯವಿದೆ ಎಂದು ತೋರಿದ್ದರಿಂದ ಈ ಲೇಖನಕ್ಕೆ ಕೈಹಾಕಿದ್ದೇವೆ.

ಕಣಿವೆಯ ಸ್ವರೂಪ

ಸ್ವಿಟ್ಜರ್ಲೆಂಡಿನ ದಕ್ಷಿಣ ಭಾಗದಲ್ಲಿ ವಾಲಿಸ್ ಎಂಬ ಪ್ರಾಂತವಿದೆ. ಅದರ ಪಶ್ಚಿಮ ಭಾಗದ ಫ್ರೆಂಚ್ ಭಾಷಿಕರು ಅದನ್ನು ವಾಲೆ ಎನ್ನುತ್ತಾರೆ. ರೋನ್ ನದಿ ಈ ಪ್ರಾಂತದ ಉದ್ದಕ್ಕೂ ಹರಿದು ಜಿನೀವಾ ಸರೋವರವನ್ನು ಸೇರುತ್ತದೆ. ಅಲ್ಲಿಂದ ಹೊರಟು ಫ್ರಾನ್ಸ್ ದೇಶವನ್ನು ಹಾದು ಮೆಡಿಟರೇನಿಯನ್ ಸಮುದ್ರದಲ್ಲಿ ಲೀನವಾಗುತ್ತದೆ. ರೋನ್ ನದಿಯ ಉತ್ತರ ದಂಡೆಯ ಪರ್ವತಗಳ ನಡುವೆ ಅಡಗಿಕೊಂಡಿರುವುದೇ ಲೋಟ್ಶೆನ್ ಕಣಿವೆ. ಹಿಮನದಿಯಲ್ಲಿ ಹುಟ್ಟುವ ಲೊಂಜಾ ಎಂಬ ಹೊಳೆ ಈ ಕಣಿವೆಯನ್ನು ಕೊರೆದುಕೊಂಡು ಬಂದು, ಕೊನೆಯಲ್ಲಿ ಇಕ್ಕಟ್ಟಾದ ಕಂದರವೊಂದರ ಮೂಲಕ ರೋನ್ ನದಿಗೆ ಇಳಿಯುತ್ತದೆ. ಇಂದು ಜಗತ್ತಿನಾದ್ಯಂತ ಔಷಧೋದ್ಯಮದಲ್ಲಿ ಹೆಸರಾಗಿರುವ ಲೊಂಜಾ ಕಂಪನಿ 1897ರಲ್ಲಿ ಈ ಕಂದರದ ಬಾಯಲ್ಲಿರುವ ಗಾಂಪೆಲ್ ಎಂಬ ಊರಿನಲ್ಲಿ ಪ್ರಾರಂಭವಾಯಿತು. ಅದರ ಹೆಸರು ಈ ಹೊಳೆಯದೇ.

ಕಣಿವೆಯಲ್ಲಿ ನಾಲ್ಕು ಗ್ರಾಮ ಪುರಸಭೆಗಳಿವೆ. ಕೆಳಗಿನಿಂದ ಮೇಲಕ್ಕೆ ಫೆರ್ಡೆನ್, ಕಿಪ್ಪೆಲ್, ವೀಲರ್ ಮತ್ತು ಬ್ಲಾಟೆನ್. ನಾಲ್ಕೂ ಸೇರಿದರೆ ಜನಸಂಖ್ಯೆ ಸುಮಾರು 1,500 ಮಾತ್ರ. ಎಲ್ಲಕ್ಕೂ ಮೇಲಿನ ಬ್ಲಾಟೆನ್ ಸಮುದ್ರ ಮಟ್ಟದಿಂದ ಸುಮಾರು 1,540 ಮೀಟರು ಎತ್ತರದಲ್ಲಿತ್ತು. ಅಲ್ಲಿ ಸುಮಾರು 300 ಜನ ವಾಸವಾಗಿದ್ದರು. ದಕ್ಷಿಣಕ್ಕೆ 3,934 ಮೀಟರು ಎತ್ತರದ ಬೀಟ್ಶ್‌ಹಾರ್ನ್ ಶಿಖರ ಗೋಡೆಯಂತೆ ನಿಂತಿದೆ. ಬ್ಲಾಟೆನ್ನಿಗೂ ಮೇಲೆ ಫಾಫ್ಲರ್‌ಆಲ್ಪ್ ಎಂಬ ಹುಲ್ಲುಗಾವಲು, ಅದರಾಚೆ ಹಿಮನದಿ. ಕಣಿವೆಯ ಮೇಲ್ಭಾಗ 2001ರಲ್ಲಿ ಯುನೆಸ್ಕೊ ಸಂಸ್ಥೆ ವಿಶ್ವ ಪರಂಪರೆಯೆಂದು ಸಾರಿದ ಯುಂಗ್‌ಫ್ರೌ–ಆಲೆಟ್ಶ್ ಪ್ರದೇಶಕ್ಕೆ ಹೊಂದಿಕೊಂಡಿದೆ. ಇಂಥ ಕಡೆ ಮನೆ ಕಟ್ಟಬೇಕಾದರೆ ಮನುಷ್ಯನು ಎರಡು ಭಯಗಳ ನಡುವೆ ಜಾಗ ಹುಡುಕಬೇಕು. ಮೇಲಿನಿಂದ ಹಿಮಪಾತ, ಕೆಳಗಿನಿಂದ ಹೊಳೆಯ ಪ್ರವಾಹ. ಆದುದರಿಂದಲೇ ಅಲ್ಲಿನ ಮರದ ಮನೆಗಳು ಬಿಸಿಲಿನಲ್ಲಿ ಕಪ್ಪಾಗಿ, ಒಂದಕ್ಕೊಂದು ಒತ್ತಿಕೊಂಡು, ಸುರಕ್ಷಿತವೆಂದು ತಲೆಮಾರುಗಳ ಅನುಭವ ತೋರಿಸಿದ ಸ್ವಲ್ಪ ನೆಲದ ಮೇಲೆಯೇ ಗುಂಪುಗೂಡಿದ್ದವು.

ಅರಸೊತ್ತಿಗೆ ಮತ್ತು ಧರ್ಮಕೇಂದ್ರ

ವಾಲಿಸ್ ಪ್ರಾಂತದ ಚರಿತ್ರೆಯಲ್ಲಿ ಧರ್ಮಾಧ್ಯಕ್ಷರ ಸ್ಥಾನ ಬಹಳ ದೊಡ್ಡದು. 999ನೆಯ ಇಸವಿಯಲ್ಲಿ ಬರ್ಗಂಡಿಯ ಅರಸನಾದ ಮೂರನೆಯ ರುಡಾಲ್ಫನು ಸಿಯೋನಿನ ಧರ್ಮಾಧ್ಯಕ್ಷರಿಗೆ ಆ ಪ್ರಾಂತದ ಲೌಕಿಕ ಅಧಿಕಾರವನ್ನೂ ದಾನ ಮಾಡಿದನು. ಅಲ್ಲಿಂದ ಶತಮಾನಗಳ ಕಾಲ ದಂಡವೂ ಖಡ್ಗವೂ ಒಂದೇ ಕೈಯಲ್ಲಿದ್ದವು. ಲೋಟ್ಶೆನ್ ಕಣಿವೆ ಮೊದಲು ಪ್ರಬಲವಾದ ಒಂದು ಪಾಳೆಯಗಾರ ಮನೆತನದ ವಶದಲ್ಲಿತ್ತು. ಹದಿನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಆ ಮನೆತನ ಅಳಿದ ಮೇಲೆ ವಾಲಿಸ್‌ನ ಮೇಲಿನ ಐದು ಜಿಲ್ಲೆಗಳು ಸೇರಿ ಈ ಕಣಿವೆಯನ್ನು ಆಳಿದವು. ಪಾಳೆಯಗಾರನ ಬದಲು ನೆರೆಯವರೇ ಒಡೆಯರಾದರು. ಜನರು ತಮ್ಮ ಸ್ವಾತಂತ್ರ್ಯವನ್ನು ಹಣ ಕೊಟ್ಟು ಪಡೆದದ್ದು 1790ರಲ್ಲಿ. ದುಡಿದ ಕಾಸನ್ನು ಕೂಡಿಟ್ಟು ಬಿಡುಗಡೆಯನ್ನು ಕೊಂಡ ಜನ ಅವರು ಎಂಬುದನ್ನು ಮರೆಯಬಾರದು.

ಉತ್ತರಕ್ಕೆ ಪರ್ವತದ ಆಚೆ ಬರ್ನ್ ಪ್ರಾಂತ. ಲೋಟ್ಶೆನ್ ಕಣಿವೆಯಿಂದ ಅಲ್ಲಿಗೆ ಹೋಗಲು ಸುಮಾರು 2,690 ಮೀಟರು ಎತ್ತರದ ಕಣಿವೆದಾರಿಯೊಂದಿದೆ. ವ್ಯಾಪಾರಿಗಳು ನಡೆದ ಆ ದಾರಿಯಲ್ಲಿ ಸೈನ್ಯಗಳೂ ನಡೆದವು. 1419ರಲ್ಲಿ ಹಿಮದ ನಡುವೆ ಅಲ್ಲಿ ಕದನವೇ ಆಯಿತು. 1528ರಲ್ಲಿ ಬರ್ನ್ ಪ್ರಾಂತ ಸುಧಾರಣಾ ಪಂಥವನ್ನು ಸ್ವೀಕರಿಸಿತು. ಈಚೆಯ ಕಣಿವೆ ಕಥೋಲಿಕ ವಿಶ್ವಾಸದಲ್ಲಿಯೇ ಉಳಿಯಿತು. ಹೀಗೆ ಆ ಪರ್ವತಶ್ರೇಣಿ ನೀರನ್ನು ಬೇರ್ಪಡಿಸುವುದರ ಜೊತೆಗೆ ಪೂಜಾವಿಧಿಯನ್ನೂ ಬೇರ್ಪಡಿಸುವ ಗಡಿಯಾಯಿತು.

ಬಹುಕಾಲದವರೆಗೆ ಇಡೀ ಕಣಿವೆಗೆ ಕಿಪ್ಪೆಲ್ಲಿನ ಸಂತ ಮಾರ್ಟಿನರ ದೇವಾಲಯವೊಂದೇ ಧರ್ಮಕೇಂದ್ರವಾಗಿತ್ತು. ಅಲ್ಲಿನ ಗುರುಗಳನ್ನು ಇಂದಿಗೂ 'ಪ್ರಿಯೊರ್', ಅಂದರೆ ಮಠದ ಹಿರಿಯರು, ಎಂದು ಕರೆಯುವುದು ವಾಡಿಕೆ. ಹಿಂದೆ ಆ ದೇವಾಲಯ ಅಗಸ್ಟೀನಿಯನ್ ಮಠವೊಂದಕ್ಕೆ ಸೇರಿದ್ದುದರ ಗುರುತು ಅದು. ಬ್ಲಾಟೆನ್ನಿನ ಜನ ಭಾನುವಾರದ ಬಲಿಪೂಜೆಗಾಗಿ ಹೊಳೆಯ ಪಕ್ಕದ ದಾರಿಯಲ್ಲಿ, ಚಳಿಗಾಲದಲ್ಲಿ ಹಿಮವನ್ನು ತುಳಿಯುತ್ತ, ಕಿಪ್ಪೆಲ್ಲಿಗೆ ಇಳಿದು ಬರಬೇಕಿತ್ತು. ಶಿಶುವಿನ ಜ್ಞಾನಸ್ನಾನಕ್ಕೂ ಅದೇ ದಾರಿ, ಮೃತರ ಅಂತಿಮ ಯಾತ್ರೆಗೂ ಅದೇ ದಾರಿ. ಕಾಲಕ್ರಮದಲ್ಲಿ ಮೇಲಿನ ಗ್ರಾಮಗಳಿಗೆ ತಮ್ಮವೇ ದೇವಾಲಯಗಳು ದೊರೆತವು. ಬ್ಲಾಟೆನ್ನಿನಿಂದ ಸ್ವಲ್ಪ ಮೇಲೆ, ಹುಲ್ಲುಗಾವಲಿನ ನಡುವೆ, ಕ್ಯೂಮಾಟ್ ಎಂಬಲ್ಲಿ ಹದಿನೇಳನೆಯ ಶತಮಾನದಲ್ಲಿ ಕಟ್ಟಿದ ದೇವಮಾತೆಯ ಯಾತ್ರಾ ಮಂದಿರ ಕಣಿವೆಯವರೆಲ್ಲರ ಭಕ್ತಿಯ ಕೇಂದ್ರವಾಯಿತು.

ಈ ಧರ್ಮಕೇಂದ್ರದ ಗುರುಗಳಲ್ಲಿ ಯೋಹಾನ್ ಸೀಗೆನ್ ಅವರ ಹೆಸರನ್ನು ಹೇಳದೆ ಮುಂದುವರಿಯಲಾಗದು. 1914ರಲ್ಲಿ ಕಿಪ್ಪೆಲ್ಲಿಗೆ ಬಂದ ಅವರು ಸುಮಾರು 60 ವರ್ಷ ಅಲ್ಲಿಯೇ ಸೇವೆ ಸಲ್ಲಿಸಿ 1982ರಲ್ಲಿ ದೈವಾಧೀನರಾದರು. ಪ್ರವಚನ, ಪಾಪನಿವೇದನೆ, ರೋಗಿಗಳ ಭೇಟಿ ಇವುಗಳ ನಡುವೆಯೇ ತಮ್ಮ ಜನರ ಐತಿಹ್ಯಗಳನ್ನು ಸಂಗ್ರಹಿಸಿ ಬರೆದಿಟ್ಟರು. ಅವರು ಬರೆದಿಡದೆ ಹೋಗಿದ್ದರೆ ಆ ಅಜ್ಜಿಯರ ಕಥೆಗಳಲ್ಲಿ ಎಷ್ಟೋ ಅಜ್ಜಿಯರೊಂದಿಗೇ ಮಣ್ಣು ಸೇರುತ್ತಿದ್ದವು. ಧರ್ಮಕೇಂದ್ರದ ದಾಖಲೆ ಪುಸ್ತಕವನ್ನು ಶ್ರದ್ಧೆಯಿಂದ ಬರೆಯುವುದೂ ಗುರುಗಳ ಸೇವೆಯ ಒಂದು ಭಾಗವೆಂದು ನಮಗೆ ಗುರುಮಠದಲ್ಲಿ ಕಲಿಸಿದ್ದರು. ಪ್ರಾಯದಲ್ಲಿ ಅದು ಬೇಸರದ ಕೆಲಸವೆನಿಸುತ್ತಿತ್ತು. ಅದರ ಬೆಲೆ ಈಗ ತಿಳಿಯುತ್ತಿದೆ.

ಕೂಡಿ ಬಾಳುವ ಕಟ್ಟಳೆ

ಅಲ್ಲಿನ ಜೀವನ ಸುಲಭದ್ದಾಗಿರಲಿಲ್ಲ. ರೈ ಎಂಬ ಒರಟು ಧಾನ್ಯ, ಹಸುವಿನ ಹಾಲು, ಗಿಣ್ಣು ಅಥವಾ ಚೀಸ್, ಅಪರೂಪಕ್ಕೆ ಮಾಂಸ, ಇಷ್ಟೇ ಆಹಾರ. ಬೇಸಿಗೆಯಲ್ಲಿ ದನಗಳನ್ನು ಮೇಲಿನ ಹುಲ್ಲುಗಾವಲುಗಳಿಗೆ ಅಟ್ಟಿಕೊಂಡು ಹೋಗಿ, ಚಳಿಗಾಲಕ್ಕೆ ಬೇಕಾದ ಹುಲ್ಲನ್ನು ಕಡಿದಾದ ಇಳಿಜಾರುಗಳಲ್ಲಿ ಕುಡುಗೋಲಿನಿಂದ ಕೊಯ್ದು ಬೆನ್ನ ಮೇಲೆ ಹೊತ್ತು ತರುತ್ತಿದ್ದರು. 1931 ಮತ್ತು 1932ರಲ್ಲಿ ಅಲ್ಲಿಗೆ ಹೋದ ಅಮೆರಿಕದ ದಂತವೈದ್ಯ ವೆಸ್ಟನ್ ಪ್ರೈಸ್, ಹಳೆಯ ಆಹಾರವನ್ನೇ ಉಣ್ಣುತ್ತಿದ್ದ ಆ ಮಕ್ಕಳ ಹಲ್ಲುಗಳಲ್ಲಿ ಹುಳುಕು ಬಹಳ ಕಡಮೆ ಎಂದು ಕಂಡು ಆಶ್ಚರ್ಯಪಟ್ಟು, 1939ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಅದನ್ನು ದಾಖಲಿಸಿದನು. ಬೇಸಿಗೆಯ ಮೊದಲ ಹಸಿರನ್ನು ಮೇಯ್ದ ಹಸುಗಳ ಬೆಣ್ಣೆಯಿಂದ ದೇವಾಲಯದಲ್ಲಿ ದೀಪ ಬೆಳಗಿ ಜನರು ಕೃತಜ್ಞತೆ ಸಲ್ಲಿಸುತ್ತಿದ್ದರೆಂದೂ ಅವನು ಬರೆದಿದ್ದಾನೆ.

ಹುಲ್ಲುಗಾವಲು ಯಾರೊಬ್ಬನ ಸೊತ್ತೂ ಆಗಿರಲಿಲ್ಲ. ಎಷ್ಟು ಹಸುಗಳನ್ನು ಮೇಯಿಸಲು ಯಾರಿಗೆ ಹಕ್ಕು, ನೀರಿನ ಸರದಿ ಯಾರದು, ಸಾಮೂಹಿಕ ಶ್ರಮದಾನದಲ್ಲಿ ಯಾರ ಪಾಲು ಎಷ್ಟು ಎಂಬುದನ್ನೆಲ್ಲ ಮರದ ತುಂಡುಗಳ ಮೇಲೆ ಗೀರು ಹಾಕಿ ಗುರುತಿಡುತ್ತಿದ್ದರು. ಇವಕ್ಕೆ 'ಟೆಸ್ಲೆನ್' ಎಂದು ಹೆಸರು. ಓದು ಬರಹ ಬಾರದವನೂ ತನ್ನ ಮನೆತನದ ಗುರುತನ್ನು ಅದರ ಮೇಲೆ ಕಾಣಬಲ್ಲವನಾಗಿದ್ದನು. ಕಾಲುವೆ ತೋಡುವುದು, ದಾರಿ ಸರಿಮಾಡುವುದು, ಹಿಮಪಾತ ತಂದು ಹಾಕಿದ ಕಲ್ಲುಗಳನ್ನು ಹುಲ್ಲುಗಾವಲಿನಿಂದ ಹೆಕ್ಕುವುದು, ಇವೆಲ್ಲ ಪ್ರತಿ ಮನೆಯಿಂದ ಒಬ್ಬೊಬ್ಬರು ಬಂದು ಮಾಡಬೇಕಾದ ಊರಿನ ಕೆಲಸಗಳು. ಒಬ್ಬನು ತಪ್ಪಿಸಿಕೊಂಡರೆ ಇನ್ನೊಬ್ಬನ ಹೊಲಕ್ಕೆ ನೀರಿಲ್ಲ. ಆ ಮರದ ತುಂಡುಗಳು ಇಂದು 1982ರಲ್ಲಿ ಕಿಪ್ಪೆಲ್ಲಿನಲ್ಲಿ ತೆರೆದ ವಸ್ತುಸಂಗ್ರಹಾಲಯವನ್ನು ಸೇರಿವೆ. ಅವುಗಳ ಮೇಲಿನ ಗೀರುಗಳಲ್ಲಿ ನಾವು ಒಂದು ಬಗೆಯ ಒಡಂಬಡಿಕೆಯನ್ನೇ ಕಾಣುತ್ತೇವೆ.

ಈ ಒಡಂಬಡಿಕೆಯಲ್ಲಿ ಬಡವರಿಗೂ ಪಾಲಿತ್ತು. ಫೆರ್ಡೆನ್ ಗ್ರಾಮದಲ್ಲಿ ಪಾಸ್ಕ ಹಬ್ಬದ ಮರುದಿನ ಸೋಮವಾರ ಒಂದು ದಾನ ನಡೆಯುತ್ತದೆ. ಹಿಂದಿನ ಬೇಸಿಗೆಯ ನಿಗದಿತ ದಿನಗಳಲ್ಲಿ ಮೂರು ಹುಲ್ಲುಗಾವಲುಗಳಲ್ಲಿ ಕರೆದ ಹಾಲನ್ನೆಲ್ಲ ಒಟ್ಟುಗೂಡಿಸಿ ಒಂದು ಬಗೆಯ ಗಿಣ್ಣು ಮಾಡಿ ತಿಂಗಳುಗಟ್ಟಲೆ ಕಾದಿರಿಸಿ, ಆ ದಿನ ರೊಟ್ಟಿ ಮತ್ತು ದ್ರಾಕ್ಷಾರಸದೊಂದಿಗೆ ಹಂಚುತ್ತಾರೆ. ಹುಲ್ಲುಗಾವಲುಗಳಲ್ಲಿ ದನಗಳಿಗೆ ಕೇಡು ತಟ್ಟಿದಾಗ ಪೂರ್ವಿಕರು ಹೊತ್ತ ಹರಕೆ ಇದೆಂದು ಐತಿಹ್ಯ. ಮೊದಲು ಇದು ದೂರದೂರದ ಬಡವರಿಗಾಗಿ ಮೀಸಲಾಗಿತ್ತು. ಕೇಡು ಬಂದಾಗ ಬಲಿಷ್ಠನಾದವನು ತನ್ನ ಕಣಜಕ್ಕೆ ಬೀಗ ಹಾಕುವುದು ಲೋಕರೂಢಿ. ಕೇಡನ್ನು ತಡೆಯಲು ಕಣಜದ ಬಾಗಿಲನ್ನೇ ತೆರೆದ ಈ ಜನರ ವಿವೇಕ ಮೆಚ್ಚತಕ್ಕದ್ದು.

ಹಬ್ಬಗಳಲ್ಲಿ ಪ್ರಮುಖವಾದುದು ಪರಮಪ್ರಸಾದದ ಮಹೋತ್ಸವ. ಆ ದಿನದ ಮೆರವಣಿಗೆಯಲ್ಲಿ 'ದೇವರ ಗ್ರೆನೇಡಿಯರು'ಗಳು ಎಂದು ಕರೆಯಲ್ಪಡುವ ಗ್ರಾಮಸ್ಥರು ಹಳೆಯ ಕಾಲದ ಸೈನಿಕ ಸಮವಸ್ತ್ರ ಧರಿಸಿ ಪರಮಪ್ರಸಾದಕ್ಕೆ ಕಾವಲಾಗಿ ನಡೆಯುತ್ತಾರೆ. ಬಡತನದಿಂದಾಗಿ ಈ ಕಣಿವೆಯ ತರುಣರು ಹಿಂದೆ ಪರದೇಶದ ಅರಸರ ಸೈನ್ಯಗಳಲ್ಲಿ ಸಂಬಳಕ್ಕೆ ಸೇರುತ್ತಿದ್ದರು. ಬದುಕಿ ಮರಳಿದವರು ತಂದ ಉಡುಪುಗಳ ನೆನಪು ಅದು. ಪರರ ಯುದ್ಧಕ್ಕಾಗಿ ತೊಟ್ಟ ಅಂಗಿ ಪ್ರಭುವಿನ ಸೇವೆಗೆ ಸಂದಿತು. ವ್ಯಾಟಿಕನ್ನಿನಲ್ಲಿ ಜಗದ್ಗುರುಗಳ ಕಾವಲಿಗಿರುವ ಸ್ವಿಸ್ ಪಡೆಯಲ್ಲಿ ವಾಲಿಸ್ ಪ್ರಾಂತದ ಯುವಕರು ಹಿಂದಿನಿಂದಲೂ ಬಹುಸಂಖ್ಯೆಯಲ್ಲಿ ಸೇವೆ ಸಲ್ಲಿಸುತ್ತ ಬಂದಿದ್ದಾರೆ ಎಂಬುದೂ ಇಲ್ಲಿ ಸ್ಮರಣೀಯ.

ಇದಕ್ಕೆ ವಿರುದ್ಧವಾದ ಇನ್ನೊಂದು ಆಚರಣೆಯನ್ನೂ ಹೇಳಬೇಕು. ಫೆಬ್ರವರಿ 2ರ ಕಾಣಿಕೆ ಹಬ್ಬದಿಂದ ತಪಸ್ಸುಕಾಲದ ಮುನ್ನಾದಿನದವರೆಗೆ 'ಚೆಗ್ಗೆಟೆ' ಎಂಬ ವೇಷಧಾರಿಗಳು ಬೀದಿಗೆ ಬರುತ್ತಾರೆ. ಮರದಲ್ಲಿ ಕೆತ್ತಿದ ವಿಕಾರ ಮುಖವಾಡ, ಮೈತುಂಬ ಮೇಕೆ ಕುರಿಗಳ ಚರ್ಮ, ಸೊಂಟಕ್ಕೆ ಹಸುವಿನ ಗಂಟೆ. ಹಿಂದೆ ಅವಿವಾಹಿತ ತರುಣರಿಗೆ ಮಾತ್ರ ಈ ಸಲುಗೆ ಇತ್ತು. ಹತ್ತೊಂಬತ್ತನೆಯ ಶತಮಾನದ ಗುರುಗಳು ಇದನ್ನು ನಿಲ್ಲಿಸಲು ಪ್ರಯತ್ನಿಸಿದರು. ಆದರೆ ಮುಖವಾಡವೇ ಉಳಿದುಕೊಂಡಿತು! ನಮ್ಮ ಕಿರಿಯ ಗುರುಗಳು ಇದರಿಂದ ತಾಳ್ಮೆಯ ಪಾಠವೊಂದನ್ನು ಕಲಿಯಬಹುದು. ಜನರು ವಿಭೂತಿ ಬುಧವಾರದಂದು ಮುಖವಾಡ ತೆಗೆದಿಟ್ಟು ಹಣೆಯೊಡ್ಡಿ ದೇವಾಲಯಕ್ಕೆ ಬರುವವರೆಗೆ ಗುರುಗಳು ಕಾಯಬಹುದು.

ಸುರಂಗ ಮತ್ತು ಹೊಸ ಕಾಲ

ಇಪ್ಪತ್ತನೆಯ ಶತಮಾನ ಈ ಕಣಿವೆಯನ್ನು ಬೆಂಕಿಯಿಂದ ಸ್ವಾಗತಿಸಿತು. 1900ರಲ್ಲಿ ವೀಲರ್ ಗ್ರಾಮ ಬಹುಪಾಲು ಸುಟ್ಟುಹೋಯಿತು. ಜನರು ಅದನ್ನು ಮತ್ತೆ ಕಟ್ಟಿದರು. ಆರು ವರ್ಷಗಳ ಬಳಿಕ, 1906ರಲ್ಲಿ, ಪರ್ವತವನ್ನು ಕೊರೆದು ಬರ್ನ್ ಪ್ರಾಂತಕ್ಕೆ ರೈಲು ಒಯ್ಯುವ ಲೋಟ್ಶ್‌ಬೆರ್ಗ್ ಸುರಂಗದ ಕೆಲಸ ಆರಂಭವಾಯಿತು. ದಕ್ಷಿಣದ ಬಾಯಿ ಕಣಿವೆಯ ಕೆಳತುದಿಯ ಗೊಪ್ಪೆನ್‌ಸ್ಟೈನ್‌ನಲ್ಲಿ. ಸಾವಿರಾರು ಕೂಲಿಕಾರರು, ಹೆಚ್ಚಿನವರು ಇಟಲಿಯವರು, ಬಂದು ನೆಲೆಸಿದರು. 1908ರ ಫೆಬ್ರವರಿ 29ರಂದು ಗೊಪ್ಪೆನ್‌ಸ್ಟೈನ್‌ಗೆ ಅಪ್ಪಳಿಸಿದ ಹಿಮಪಾತದಲ್ಲಿ 12 ಜನ ಸತ್ತರು. ಅದೇ ವರ್ಷ ಜುಲೈ 24ರಂದು ಉತ್ತರ ಭಾಗದಲ್ಲಿ ಸುರಂಗದ ಮಾಡು ಕುಸಿದು ಮಣ್ಣು ನೀರು ನುಗ್ಗಿ 25 ಇಟಲಿಯ ಕಾರ್ಮಿಕರು ಹೂತುಹೋದರು. ಎಂಜಿನಿಯರರು ಆ ಭಾಗವನ್ನು ಮುಚ್ಚಿ ಸುರಂಗದ ದಾರಿಯನ್ನೇ ಬದಲಿಸಿದರು. 14.6 ಕಿಲೋಮೀಟರು ಉದ್ದದ ಆ ಸುರಂಗದಲ್ಲಿ 1913ರಲ್ಲಿ ರೈಲು ಓಡತೊಡಗಿತು.

ರೈಲಿನ ಹಿಂದೆ ರಸ್ತೆ ಬಂತು, ರಸ್ತೆಯ ಹಿಂದೆ ಪ್ರವಾಸಿಗರು ಬಂದರು. ಹುಲ್ಲು ಕೊಯ್ಯುತ್ತಿದ್ದವರ ಮಕ್ಕಳು ರೋನ್ ನದಿಯ ದಡದ ಕಾರ್ಖಾನೆಗಳಿಗೆ ದಿನವೂ ಹೋಗಿ ಬರತೊಡಗಿದರು. ಹೊಲಗಳಲ್ಲಿ ರೈ ಬೆಳೆ ಕಡಮೆಯಾಯಿತು. ಆಲ್ಪ್ಸ್‌ನ ಅನೇಕ ಕಣಿವೆಗಳು ಈ ಕಾಲದಲ್ಲಿ ಬರಿದಾದವು. ಇಲ್ಲಿ ಶಾಲೆ, ಅಂಗಡಿ, ದೇವಾಲಯ, ಸಂಗೀತ ಮೇಳಗಳನ್ನು ಹಿಡಿದು ನಿಲ್ಲಿಸುವ ಪ್ರಯತ್ನವನ್ನು ಜನರು ಬಿಡಲಿಲ್ಲ.

ಹಿಮನದಿಯ ಮುಂದೆ ಪ್ರಾರ್ಥನೆ

ಹಿಮನದಿಗಳೊಂದಿಗೆ ಈ ಪ್ರಾಂತದ ಜನರ ಸಂಬಂಧ ವಿಚಿತ್ರವಾದುದು. ಉತ್ತರಿಸುವ ಸ್ಥಳದ ಆತ್ಮಗಳು ಆಲೆಟ್ಶ್ ಹಿಮನದಿಯ ಮಂಜಿನೊಳಗೆ ನಿಂತು ತಮ್ಮ ಪಾಪಗಳಿಗೆ ಪ್ರಾಯಶ್ಚಿತ್ತ ಮಾಡುತ್ತವೆ ಎಂದು ಹಿಂದಿನವರು ನಂಬಿದ್ದರು. ಆಲೆಟ್ಶ್ ಹಿಮನದಿಯ ಸಮೀಪದ ಫೀಶ್ ಮತ್ತು ಫೀಶರ್‌ತಾಲ್ ಎಂಬ ಊರುಗಳವರು 1678ರಲ್ಲಿ ಒಂದು ಹರಕೆ ಹೊತ್ತರು. ಹಿಮನದಿ ಬೆಳೆಯುತ್ತ ಬಂದು ಹುಲ್ಲುಗಾವಲುಗಳನ್ನು ನುಂಗುತ್ತಿತ್ತು, ಅದರಿಂದ ಪ್ರವಾಹಗಳು ಉಕ್ಕುತ್ತಿದ್ದವು. ತಾವು ಸನ್ಮಾರ್ಗದಲ್ಲಿ ಬಾಳುವುದಾಗಿಯೂ, ಹಿಮನದಿ ಇನ್ನು ಬೆಳೆಯದಂತೆ ದೇವರು ತಡೆಯಬೇಕೆಂದೂ ಅವರು ಮೊರೆಯಿಟ್ಟರು. 1862ರಿಂದ ವರ್ಷಕ್ಕೊಮ್ಮೆ ಮೆರವಣಿಗೆಯೂ ಸೇರಿತು. ಆಮೇಲೆ ಹಿಮನದಿ ಕರಗತೊಡಗಿತು, ಕರಗುತ್ತಲೇ ಹೋಯಿತು. 2009ರಲ್ಲಿ ಆ ಜನರು ತಮ್ಮ ಹರಕೆಯ ಉದ್ದೇಶವನ್ನು ತಿರುಗಿಸಲು ರೋಮಿನ ಅಪ್ಪಣೆ ಬೇಡಲು ನಿಶ್ಚಯಿಸಿದರು. 2010ರಲ್ಲಿ ಅಪ್ಪಣೆ ದೊರೆಯಿತು. ಹಿಮನದಿ ಬೆಳೆಯದಿರಲಿ ಎಂದು ಅಜ್ಜಂದಿರು ಬೇಡಿದ ದಾರಿಯಲ್ಲಿಯೇ, ಹಿಮನದಿ ಕರಗದಿರಲಿ ಎಂದು ಮೊಮ್ಮಕ್ಕಳು ಬೇಡುತ್ತ ನಡೆಯುತ್ತಿದ್ದಾರೆ.

ಇದನ್ನು ಓದಿ ನಗುವವರೂ ಇರಬಹುದು. ನಾವು ನಗಲಾರೆವು. ಆ ಜನರು ತಮ್ಮ ಕಣ್ಣೆದುರಿನ ಸತ್ಯವನ್ನು ದೇವರ ಮುಂದೆ ಪ್ರಾಮಾಣಿಕವಾಗಿ ಇಟ್ಟರು. ಲೋಕ ಬದಲಾದಾಗ ಪ್ರಾರ್ಥನೆಯನ್ನೂ ತಿದ್ದಿಕೊಂಡರು. ಅವರ ಆತಂಕಕ್ಕೆ ಆಧಾರವಿಲ್ಲದಿಲ್ಲ. 2022 ಮತ್ತು 2023, ಈ ಎರಡೇ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಹಿಮನದಿಗಳು ತಮ್ಮ ಗಾತ್ರದ ಹತ್ತರಲ್ಲೊಂದು ಭಾಗವನ್ನು ಕಳೆದುಕೊಂಡವು ಎಂದು ಅಳತೆ ಮಾಡಿದವರು ಹೇಳಿದ್ದಾರೆ.

2025ರ ಮೇ ತಿಂಗಳು

ಬ್ಲಾಟೆನ್ನಿನ ಮೇಲೆ 3,341 ಮೀಟರು ಎತ್ತರದ ಕ್ಲೈನೆಸ್ ನೆಸ್ಟ್‌ಹಾರ್ನ್ ಎಂಬ ಶಿಖರ, ಅದರ ಕೆಳಗೆ ಬಿರ್ಚ್ ಎಂಬ ಹಿಮನದಿ ಇದ್ದವು. 2025ರ ಮೇ ತಿಂಗಳ ಮಧ್ಯಭಾಗದಲ್ಲಿ ಶಿಖರ ಬಿರುಕು ಬಿಟ್ಟು ಬಂಡೆಗಳು ಹಿಮನದಿಯ ಮೇಲೆ ಉರುಳತೊಡಗಿದವು. ಪರ್ವತದ ಚಲನೆಯನ್ನು ಉಪಕರಣಗಳಿಂದ ಅಳೆಯುತ್ತಿದ್ದ ತಜ್ಞರು ಎಚ್ಚರಿಕೆ ಕೊಟ್ಟರು. ಮೇ 17ರಂದು ಗ್ರಾಮದ ಒಂದು ಭಾಗವನ್ನೂ, ಮೇ 19ರಂದು ಇಡೀ ಗ್ರಾಮವನ್ನೂ ತೆರವುಗೊಳಿಸಲಾಯಿತು. ಸುಮಾರು 300 ಜನ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಕೆಳಗಿನ ಗ್ರಾಮಗಳಿಗೆ ಇಳಿದರು. ದನಕರುಗಳನ್ನೂ ಸಾಗಿಸಿದರು. ನಡೆಯಲಾರದ ಒಂದು ಹಸುವನ್ನು ಹೆಲಿಕಾಪ್ಟರಿಗೆ ತೂಗುಹಾಕಿ ತಂದ ಚಿತ್ರ ಲೋಕದ ಪತ್ರಿಕೆಗಳಲ್ಲೆಲ್ಲ ಬಂತು. ಕೆಲವು ದಿನಗಳಲ್ಲಿ ಮನೆಗೆ ಮರಳುವ ಆಸೆ ಹಲವರಿಗಿತ್ತು.

ಒಂಬತ್ತು ದಿನ ಕಳೆಯಿತು. ಮೇ 28, ಬುಧವಾರ, ಮಧ್ಯಾಹ್ನ ಸುಮಾರು 3 ಗಂಟೆ 24 ನಿಮಿಷಕ್ಕೆ ಬಂಡೆಗಳ ಭಾರವನ್ನು ತಾಳಲಾರದೆ ಇಡೀ ಹಿಮನದಿಯೇ ಕಳಚಿ ಬಿತ್ತು. ಹಿಮ, ಕಲ್ಲು, ಮಣ್ಣು ಸೇರಿ ಸುಮಾರು 90 ಲಕ್ಷ ಘನ ಮೀಟರು ರಾಶಿ ಕಣಿವೆಗೆ ಧುಮುಕಿತು. ಭೂಕಂಪ ಮಾಪಕಗಳು ಅದನ್ನು ಭೂಕಂಪವೆಂಬಂತೆ ದಾಖಲಿಸಿದವು. ಗ್ರಾಮದ ಸುಮಾರು ಶೇಕಡ 90 ಭಾಗ ಹೂತುಹೋಯಿತು ಅಥವಾ ನಾಶವಾಯಿತು. ದೇವಾಲಯವೂ ಹೋಯಿತು. ಪಕ್ಕದ ರೀಡ್ ಎಂಬ ಕೇರಿಯೂ ಹೋಯಿತು. ಲೊಂಜಾ ಹೊಳೆಗೆ ಅಡ್ಡಗಟ್ಟು ಬಿದ್ದು ನೀರು ನಿಂತು, ಮಣ್ಣಿನಿಂದ ಪಾರಾದ ಮನೆಗಳಲ್ಲಿಯೂ ಹಲವನ್ನು ಮುಳುಗಿಸಿತು. ಕುರಿಗಳ ಬಳಿ ಇದ್ದ ಒಬ್ಬರು ಕಣ್ಮರೆಯಾದರು. ವಾರಗಳ ನಂತರ ಅವರ ಪಾರ್ಥಿವ ಶರೀರದ ಅವಶೇಷಗಳು ದೊರೆತವು. ಅವರ ಆತ್ಮಕ್ಕೆ ಪ್ರಭು ನಿತ್ಯಶಾಂತಿಯನ್ನು ದಯಪಾಲಿಸಲಿ.

ಆ ದಿನ ಯಾವುದೆಂದು ಧರ್ಮಸಭೆಯ ಪಂಚಾಂಗವನ್ನು ಬಲ್ಲವರು ಗಮನಿಸಬೇಕು. ಮರುದಿನ ಗುರುವಾರ ಪ್ರಭುವಿನ ಸ್ವರ್ಗಾರೋಹಣದ ಮಹೋತ್ಸವ. ಸ್ವರ್ಗಾರೋಹಣಕ್ಕೆ ಮುಂಚಿನ ಮೂರು ದಿನಗಳು ಹಳೆಯ ಸಂಪ್ರದಾಯದಲ್ಲಿ ಬೇಡಿಕೆಯ ದಿನಗಳು. ಪ್ರಕೃತಿಯ ವಿಕೋಪಗಳಿಂದ ಬೆಳೆಯನ್ನೂ ಊರನ್ನೂ ಕಾಪಾಡೆಂದು ಜನರು ಹೊಲಗಳ ನಡುವೆ ಮೆರವಣಿಗೆ ಹೋಗುತ್ತಿದ್ದ ದಿನಗಳು. ಅವನ್ನು ಐದನೆಯ ಶತಮಾನದಲ್ಲಿ, ತಮ್ಮ ಪಟ್ಟಣ ಭೂಕಂಪಕ್ಕೂ ಬೆಂಕಿಗೂ ಸಿಕ್ಕಿ ತತ್ತರಿಸಿದಾಗ, ವಿಯೆನ್ ಪಟ್ಟಣದ ಧರ್ಮಾಧ್ಯಕ್ಷರಾದ ಸಂತ ಮಮೆರ್ಟಸರು ಪ್ರಾರಂಭಿಸಿದರು. ವಿಯೆನ್ ಇರುವುದು ರೋನ್ ನದಿಯ ದಂಡೆಯಲ್ಲಿ. ಬ್ಲಾಟೆನ್ನಿನ ಹೊಳೆಯ ನೀರು ಹೋಗಿ ಸೇರುವ ನದಿ ಅದೇ. ಬೇಡಿಕೆಯ ದಿನದಂದೇ ಪರ್ವತ ಬಿದ್ದಿತಲ್ಲ, ಬೇಡಿಕೆ ವ್ಯರ್ಥವಾಯಿತೆ ಎಂದು ಯಾರಾದರೂ ಕೇಳಿದರೆ ಏನು ಹೇಳೋಣ? ನಮ್ಮ ಬಳಿ ಸುಲಭವಾದ ಉತ್ತರವಿಲ್ಲ. ಇಷ್ಟನ್ನು ಹೇಳಬಲ್ಲೆವು. 1806ರ ಸೆಪ್ಟೆಂಬರ್ 2ರಂದು ಸ್ವಿಟ್ಜರ್ಲೆಂಡಿನ ಗೋಲ್ಡೌ ಗ್ರಾಮದ ಮೇಲೆ ಪರ್ವತ ಜಾರಿದಾಗ 457 ಜನ ಸತ್ತರು. 1965ರ ಆಗಸ್ಟ್ 30ರಂದು ಇದೇ ವಾಲಿಸ್ ಪ್ರಾಂತದ ಮಾಟ್‌ಮಾರ್ಕ್ ಎಂಬಲ್ಲಿ ಹಿಮನದಿಯ ತುದಿ ಮುರಿದು ಅಣೆಕಟ್ಟಿನ ಕಾರ್ಮಿಕರ ಬಿಡಾರಗಳ ಮೇಲೆ ಬಿದ್ದು 88 ಜನ ಸತ್ತರು. ಬ್ಲಾಟೆನ್ನಿನಲ್ಲಿ ಊರೇ ಹೋದರೂ ಜನ ಉಳಿದರು. ರಾತ್ರಿಯೆಲ್ಲ ಎಚ್ಚರವಿದ್ದು ಪರ್ವತವನ್ನು ಅಳೆದವರ ಪರಿಶ್ರಮ, ತೆರಳಿರೆಂದು ಧೈರ್ಯವಾಗಿ ಹೇಳಿದ ಅಧಿಕಾರಿಗಳ ವಿವೇಕ, ಆ ಮಾತಿಗೆ ಬೆಲೆಕೊಟ್ಟು ಹೊಸಿಲು ದಾಟಿದ ಜನರ ವಿನಯ, ಈ ಮೂರರ ಮೂಲಕವೂ ದೇವರ ಕೃಪೆ ಕೆಲಸ ಮಾಡಿತೆಂದು ನಂಬಲು ನಮಗೆ ಯಾವ ಅಡ್ಡಿಯೂ ಇಲ್ಲ.

ಶಿಖರ ಕುಸಿಯಲು ಕಾರಣಗಳು ಹಲವು. ಬಂಡೆಗಳ ಸಂದುಗಳನ್ನು ಗಾರೆಯಂತೆ ಹಿಡಿದಿಟ್ಟಿದ್ದ ಮಂಜುಗಡ್ಡೆ ಭೂಮಿಯ ಉಷ್ಣತೆ ಏರುತ್ತಿರುವುದರಿಂದ ಸಡಿಲವಾಗುತ್ತಿದೆ, ಇದೊಂದೇ ಕಾರಣವಲ್ಲದಿದ್ದರೂ ಇದರ ಪಾಲು ಇರುವ ಸಂಭವ ಹೆಚ್ಚು ಎಂಬುದು ವಿಜ್ಞಾನಿಗಳ ಅಭಿಪ್ರಾಯ. ಬ್ಲಾಟೆನ್ನಿನ ಕುರಿಗಾಹಿ ಮಾಡದ ತಪ್ಪಿಗೆ ಬ್ಲಾಟೆನ್ನಿನ ಕುರಿಗಾಹಿ ದಂಡ ತೆತ್ತನು. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಜಾರಿ ತೋಟ ಮನೆಗಳನ್ನು ಕೊಚ್ಚಿಕೊಂಡು ಹೋದುದನ್ನು ಕಂಡಿರುವ ನಮಗೆ ಈ ನೋವು ಪರಕೀಯವಲ್ಲ.

ಉಳಿದದ್ದೇನು?

ದುರಂತದ ಬೆನ್ನಲ್ಲೇ ಗ್ರಾಮದ ಮುಖ್ಯಸ್ಥರು, ನಾವು ಊರನ್ನು ಕಳೆದುಕೊಂಡೆವು, ಹೃದಯವನ್ನು ಕಳೆದುಕೊಂಡಿಲ್ಲ ಎಂಬರ್ಥದ ಮಾತನ್ನಾಡಿದರು. ನೆರೆಯ ಗ್ರಾಮಗಳವರು ತಮ್ಮ ಮನೆಗಳ ಬಾಗಿಲು ತೆರೆದರು. ಕೇಂದ್ರ ಸರಕಾರ ತುರ್ತು ನೆರವಾಗಿ 50 ಲಕ್ಷ ಫ್ರಾಂಕುಗಳನ್ನು ನೀಡಿತು. ದೇಶದ ಮೂಲೆಮೂಲೆಗಳಿಂದ ದೇಣಿಗೆ ಹರಿದು ಬಂತು. ಹಳೆಯ ಊರಿನ ಸಮೀಪದಲ್ಲಿಯೇ ಹೊಸ ಬ್ಲಾಟೆನ್ನನ್ನು ಕಟ್ಟಿ 2030ರ ಹೊತ್ತಿಗೆ ಜನರನ್ನು ಮರಳಿ ಕರೆತರುವ ಯೋಜನೆಯನ್ನು ಗ್ರಾಮಾಡಳಿತ ಪ್ರಕಟಿಸಿತು.

ಆಗ ಸ್ವಿಟ್ಜರ್ಲೆಂಡಿನ ಪತ್ರಿಕೆಗಳಲ್ಲಿ ಒಂದು ಕಠಿಣ ಪ್ರಶ್ನೆ ಎದ್ದಿತು. 300 ಜನರಿಗಾಗಿ, ಅಪಾಯದ ನೆರಳಿನಲ್ಲಿ, ಇಷ್ಟು ಹಣ ಸುರಿದು ಊರು ಕಟ್ಟಬೇಕೇ? ಬಯಲಿಗಿಳಿದು ನೆಮ್ಮದಿಯಾಗಿ ಇರಬಾರದೇ? ಈ ಪ್ರಶ್ನೆಯನ್ನು ಹೃದಯಹೀನವೆಂದು ತಳ್ಳಿಹಾಕುವುದು ಸರಿಯಲ್ಲ. ಜೀವ ಮಣ್ಣಿಗಿಂತ ದೊಡ್ಡದು. ಪೂರ್ವಿಕರ ನೆಲವೆಂಬ ಅಭಿಮಾನದಿಂದ ಮಕ್ಕಳನ್ನು ಬಂಡೆಯ ಕೆಳಗೆ ಮಲಗಿಸುವುದು ಭಕ್ತಿಯಲ್ಲ. ಆದರೆ ಲೆಕ್ಕ ಹಾಕುವವರು ಒಂದು ವಿಷಯವನ್ನು ಮರೆಯುತ್ತಾರೆ. 300 ಜನರಿಗೆ ಬೇರೆ ಬೇರೆ ಪಟ್ಟಣಗಳಲ್ಲಿ 300 ಹಾಸಿಗೆಗಳನ್ನು ಒದಗಿಸಬಹುದು. ಅಲ್ಲಿ ಮೆರವಣಿಗೆಯಲ್ಲಿ ಯಾರ ಹಿಂದೆ ಯಾರು ನಡೆಯಬೇಕು ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಯಾರ ಹಸುವಿಗೆ ಕಾಯಿಲೆ, ಯಾವ ಅಜ್ಜಿಗೆ ಕಣ್ಣು ಕಾಣದು, ಯಾರ ಮನೆಯಲ್ಲಿ ಈ ವರ್ಷ ಮೃತರ ಸ್ಮರಣೆಯ ದಿನ ಬತ್ತಿ ಹಚ್ಚುವವರಿಲ್ಲ, ಇದನ್ನೆಲ್ಲ ಹೇಳದೆಯೇ ತಿಳಿದಿರುವ ಜನರ ಸಮೂಹಕ್ಕೆ ಊರು ಎಂದು ಹೆಸರು. ಅದನ್ನು ಒಮ್ಮೆ ಚದುರಿಸಿದರೆ ಯಾವ ಹಣವೂ ಮತ್ತೆ ಕೊಂಡು ತರಲಾರದು. ಆದುದರಿಂದ, ಎಲ್ಲಿ ಕಟ್ಟಬೇಕೆಂಬುದನ್ನು ಪರ್ವತವನ್ನು ಬಲ್ಲವರು ಹೇಳಲಿ, ಅವರು ಬೇಡವೆಂದ ಜಾಗದಲ್ಲಿ ಒಂದು ಗೂಡನ್ನೂ ಕಟ್ಟದಿರಲಿ. ಆದರೆ ಎಲ್ಲಿ ಕಟ್ಟಿದರೂ ಒಟ್ಟಾಗಿ ಕಟ್ಟಲಿ ಎಂಬುದೇ ನಮ್ಮ ಅಭಿಪ್ರಾಯ.

ವೀಲರ್ ಗ್ರಾಮ ಬೆಂಕಿಯ ಬಳಿಕ ಎದ್ದು ನಿಂತದ್ದು ಮರದ ತೊಲೆಗಳ ಬಲದಿಂದಲ್ಲ. ಹಾಲನ್ನು ಒಟ್ಟುಗೂಡಿಸಿ ಬಡವನಿಗೆ ಹಂಚಿದ, ಮರದ ತುಂಡಿನ ಮೇಲಿನ ಗೀರಿಗೆ ಪ್ರಮಾಣದಷ್ಟು ಬೆಲೆಕೊಟ್ಟ, ಮೃತರನ್ನು ಹಿಮದಲ್ಲಿ ಹೊತ್ತು ನಡೆದ ಅಭ್ಯಾಸವೇ ಅದನ್ನು ಎತ್ತಿ ನಿಲ್ಲಿಸಿತು. ಬ್ಲಾಟೆನ್ನಿನ ದೇವಾಲಯ ಮಣ್ಣಿನಡಿ ಸೇರಿದ ಮೇಲೂ ಆ ಅಭ್ಯಾಸ ಜನರೊಂದಿಗೆ ಕಣಿವೆ ಇಳಿದು ಬಂತು. ಧರ್ಮಕೇಂದ್ರ ಎಂಬ ಮಾತಿಗೆ ನಮಗೆ ತಿಳಿದಿರುವ ಅರ್ಥ ಇದೇ.

ಪ್ರಿಯ ವಿಶ್ವಾಸಿಗಳೇ, ನಮ್ಮ ಪೂರ್ವಿಕರು ಕಟ್ಟಿದ ಗೋಡೆಗಳಿಗೆ ಸುಣ್ಣ ಬಳಿದು, ಗೋಪುರಕ್ಕೆ ದೀಪ ಹಾಕಿ, ನೂರು ವರ್ಷಗಳ ಸಂತೋಷವನ್ನು ಆಚರಿಸೋಣ. ಅದರೊಂದಿಗೆ ಈ ವರ್ಷ ಮೆರವಣಿಗೆಗೆ ಬರಲಾರದವರ ಮನೆಗಳನ್ನು ಒಮ್ಮೆ ಎಣಿಸೋಣ. ಜಗಳವಾಡಿ ದೂರವಾದ ನೆರೆಯವನ ಬಾಗಿಲನ್ನು ತಟ್ಟೋಣ. ಲೋಟ್ಶೆನ್ ಕಣಿವೆಯ ನಮ್ಮ ಸಹೋದರ ಸಹೋದರಿಯರನ್ನು ನಮ್ಮ ಬಲಿಪೂಜೆಯಲ್ಲಿ ನೆನೆಯೋಣ. ಅವರ ಹೊಸ ದೇವಾಲಯದ ಗಂಟೆ ಬೇಗ ಮೊಳಗಲಿ, ಅದನ್ನು ಕೇಳಿ ಮನೆಗಳಿಂದ ಹೊರಬರುವವರು ಹಳೆಯ ನೆರೆಯವರೇ ಆಗಿರಲಿ ಎಂದು ದೇವಮಾತೆಯ ಮಧ್ಯಸ್ಥಿಕೆಯಲ್ಲಿ ಪ್ರಾರ್ಥಿಸುತ್ತ ಈ ಲೇಖನವನ್ನು ಮುಗಿಸುತ್ತೇವೆ.